ಮುಳ್ಳು ಇಳಿದ ಸಂಜೆ

ನರಿಕೊಂಬಿನ ಹಂಚಿನ ಕಾರ್ಖಾನೆಯಲ್ಲಿ ಕುಶಾಲಪ್ಪ ಇಂಜಿನ್ ಡ್ರೈವರ್ ಆಗಿದ್ದ. ಸರಕಾರದ ಕರೆಂಟು ಕಂಬ ಆ ಕಡೆಗೆ ಇನ್ನೂ ಬಂದಿರಲಿಲ್ಲ. ಅವನ ಡೀಸೆಲ್ ಇಂಜಿನ್ ಓಡಿದರಷ್ಟೇ ಕಾರ್ಖಾನೆಗೂ ಧಣಿ ಶಂಭು ಹೆಗ್ಡೆಯವರ ಮನೆಗೂ ಬೆಳಕು.

ಆ ಬೇಸಗೆಯಲ್ಲಿ ಕಾರ್ಖಾನೆಗೆ ನೀರು ಸಾಲಲಿಲ್ಲ. ಬಾವಿಯ ತಳದಿಂದ ಅಡ್ಡಕ್ಕೆ ಸುರಂಗ ಕೊರೆಯಲು ಲೋಕಯ್ಯ ಇಳಿದ. ಕುಶಾಲಪ್ಪನ ತಂಗಿ ಸೇಸಮ್ಮನ ಗಂಡ. ಒರತೆ ಜೋರಾಗಿಯೇ ಸಿಕ್ಕಿತು. ನೀರು ತಾನಾಗಿ ಹೊರಗೆ ಹರಿಯಲೆಂದು ಸುರಂಗವನ್ನು ಒಳಗೊಳಗೆ ಏರಿಸುತ್ತ ಹೋಗಿದ್ದ. ಪಂಪು ಬಿಡದೆ ನೀರೆತ್ತುತ್ತಿದ್ದರೆ ಮಾತ್ರ ಸುರಂಗದ ಬಾಯಿ ತೆರೆದಿರುತ್ತಿತ್ತು.

ಒಂದು ಸಂಜೆ ಧಣಿಗಳ ಮನೆಯಲ್ಲಿ ಮಗಳ ನಿಶ್ಚಿತಾರ್ಥ. ಚಪ್ಪರದ ತುಂಬ ಬಲ್ಬು ಉರಿಸಿದ್ದೇ ತಡ, ಇಂಜಿನ್ ಏದುಸಿರು ಬಿಟ್ಟಿತು. ಹೆಗ್ಡೆಯವರೇ ಓಡಿ ಬಂದರು.

"ದೀಪ ಮಂಕಾಗ್ತಾ ಉಂಟಲ್ಲ ಮಾರಾಯ! ಬೀಗರು ಕೂತಿದ್ದಾರೆ."

"ಲೋಡು ಜಾಸ್ತಿಯಾಯ್ತು ಧಣಿ. ಚಪ್ಪರದ್ದು ಅರ್ಧ ತೆಗೆಯುವಾ? ಬಾವಿಯಲ್ಲಿ ಲೋಕಯ್ಯ ಇದ್ದಾನೆ."

"ಪಂಪು ತಿರುಗ್ತಾ ಉಂಟಲ್ಲ? ದೀಪ ನೋಡು ನೀನು."

ಕುಶಾಲಪ್ಪ ವೋಲ್ಟೇಜಿನ ಹಿಡಿ ತಿರುಗಿಸಿದ. ಬಲ್ಬುಗಳು ಝಗ್ಗನೆ ಬೆಳಗಿದವು. ಇಂಜಿನ್ ಮಾತ್ರ ಇನ್ನೂ ಕುಗ್ಗಿತು. ಇಂಜಿನ್ನಿನ ವೇಗ ತೋರುವ ಮೀಟರಿನಲ್ಲಿ ಐವತ್ತು ಸೈಕಲ್ಲಿಗೆ ನಿಲ್ಲಬೇಕಾದ ಮುಳ್ಳು ನಲವತ್ತಕ್ಕೆ ಇಳಿದದ್ದನ್ನು ಅವನು ನೋಡಿದ. ಬಲ್ಬಿಗೆ ವೋಲ್ಟೇಜು ಸಿಕ್ಕರಾಯಿತು. ಪಂಪಿನ ಮೋಟಾರು ಮಾತ್ರ ಇಂಜಿನ್ ಓಡಿದಷ್ಟೇ ವೇಗದಲ್ಲಿ ತಿರುಗುವುದು. ಅದು ಅವನಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ತಾನೇ, ಅಂದುಕೊಂಡ.

ಮಣ್ಣು ಕಲಸುವ ಕಾವೇರಮ್ಮ ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಳು. "ಪೈಪಿನಲ್ಲಿ ನೀರೇ ಇಲ್ಲ."

ಕುಶಾಲಪ್ಪ ಬಾವಿಗೆ ಓಡಿದ. ಮೋಟಾರು ಗುಂಯ್‌ಗುಡುತ್ತಲೇ ಇತ್ತು. ನೀರನ್ನು ಮೇಲಕ್ಕೆ ತಳ್ಳುವಷ್ಟು ವೇಗ ಅದಕ್ಕಿರಲಿಲ್ಲ. ಸುರಂಗದ ಬಾಯಿ ಮುಳುಗಿತ್ತು. ನೀರಿನಡಿಯಿಂದ ಲೋಕಯ್ಯ ಒಳಗೆ ಎಳೆದುಕೊಂಡಿದ್ದ ಬಲ್ಬಿನ ಹಳದಿ ಬೆಳಕು ಕಾಣುತ್ತಿತ್ತು. ಒಳಗೆ ಎತ್ತರದಲ್ಲಿ ಕೊರೆಯುತ್ತಿದ್ದವನಿಗೆ ಹಿಂದೆ ದಾರಿ ಮುಚ್ಚಿದ್ದು ತಿಳಿದಾಗ ತಡವಾಗಿರಬೇಕು.

ವಾಪಸು ಓಡಿ ಚಪ್ಪರದ ಸ್ವಿಚ್ಚು ಎಳೆದ. ಅಲ್ಲಿ ಕತ್ತಲಾಗಿ ಗದ್ದಲವೆದ್ದಿತು. ಇಂಜಿನ್ ಹುರುಪಿನಿಂದ ಓಡಿತು, ಪೈಪು ನೀರು ಕಾರಿತು. ಸುರಂಗದ ಬಾಯಿ ತೆರೆದುಕೊಂಡಾಗ ಲೋಕಯ್ಯ ಅಲ್ಲೇ ಹತ್ತಿರ ಸಿಕ್ಕಿದ. ನೀರಲ್ಲಿ ಮುಳುಗಿ ಹೊರಬರಲು ನೋಡಿದ್ದ.

ಪೊಲೀಸರು ಆಕಸ್ಮಿಕ ಸಾವೆಂದರು. "ಮೋಟಾರು ನಿಂತಿರಲಿಲ್ಲ, ನಾನೇ ಕೇಳಿದ್ದೇನೆ," ಎಂದರು ಹೆಗ್ಡೆ. ಮುಳ್ಳಿನ ಕತೆಯನ್ನು ಕುಶಾಲಪ್ಪ ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಅವನು ತಂಗಿಗೂ ಹೇಳಿದ.

"ದೀಪ ಆರಿಸಬಹುದಿತ್ತಲ್ಲ ಅಣ್ಣ?"

"ಆರಿಸಬಹುದಿತ್ತು."

ಗಂಡನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮೇಲೆ ಸೇಸಮ್ಮ ಮಕ್ಕಳೊಂದಿಗೆ ಶಿರ್ತಾಡಿಯ ಅತ್ತೆ ಮನೆಗೆ ಹೊರಟಳು. ಬಸ್ಸಿನ ಹತ್ತಿರ ಕುಶಾಲಪ್ಪ ಅವಳ ಬಟ್ಟೆಗಂಟು ಎತ್ತಿಕೊಡಲು ಕೈ ಹಾಕಿದ. ಅವಳು ಅದನ್ನು ಮೆಲ್ಲನೆ ತನ್ನ ಕಡೆಗೆ ಎಳೆದುಕೊಂಡು, ತಾನೇ ತಲೆಗೇರಿಸಿಕೊಂಡಳು.