ಒಂದು ಗಂಟಿನ ಬತ್ತಿ

ಮೂರನೆಯ ಕಡ್ಡಿಯೂ ಮುರಿಯಿತು. ನಾಲ್ಕನೆಯದನ್ನು ಗೀರಿ, ನೊಯೆಮಿ ಶವಪೆಟ್ಟಿಗೆಯಲ್ಲಿದ್ದ ಅತ್ತೆಯ ತಲೆಯ ಬಳಿ ಕೊನೆಯ ದೀಪ ಹಚ್ಚಿದಳು. ಸ್ಟೂಲಿನ ಕಸೂತಿ ಬಟ್ಟೆಯ ಮೇಲೆ ಗಾಜಿನ ಲೋಟಗಳಲ್ಲಿ ತೆಂಗಿನ ಮೇಣದ ನಾಲ್ಕು ದೀಪಗಳು ಒತ್ತೊತ್ತಾಗಿ ಉರಿಯತೊಡಗಿದವು.

"ಕಿಟಕಿ ಮುಚ್ಚಿ ಎಲ್ಲ," ಎಂದಳು ಪ್ರಾರ್ಥನೆ ಹೇಳಿಸುವ ಮುದುಕಿ ಪ್ರಿಮಿತಿವಾ. "ಪೆಟ್ಟಿಗೆ ಹೊಸಿಲು ದಾಟೋಕ್ಮುಂಚೆ ಒಂದು ದೀಪ ಆರಿದ್ರೂ ಹೋದವಳು ಸುಮ್ನೆ ಹೋಗಲ್ಲ. ಒಂಬತ್ತು ದಿನದೊಳಗೆ ಜೊತೆಗೊಬ್ರನ್ನ ಕರ್ಕೊಂಡೇ ಹೋಗ್ತಾಳೆ."

 ಎಲ್ಲರ ಕಣ್ಣೂ ಒಳಕೋಣೆಯ ಬಾಗಿಲಿಗೆ ಹೋಯಿತು. ಅಲ್ಲಿ ನೊಯೆಮಿಯ ಒಬ್ಬಳೇ ಮಗಳು, ಎಂಟು ತಿಂಗಳ ಬಸುರಿ ಯುದೆಲ್ಕಾ, ಮಂಚದ ಮೇಲೆ ಒರಗಿದ್ದಳು. ಬಸುರಿ ಸಾವಿನ ಮನೆಯಲ್ಲಿರಬಾರದು ಅಂತ ಬಡಿದುಕೊಂಡರೂ ಅಜ್ಜಿಯನ್ನು ಬಿಟ್ಟು ಕದಲೆನೆಂದು ಹಟ ಹಿಡಿದಿದ್ದಳು. ಆ ಕೋಣೆಗಿದ್ದುದು ಒಂದೇ ಬಾಗಿಲು, ಅದೂ ಶವಪೆಟ್ಟಿಗೆಯ ಪಕ್ಕದಲ್ಲೇ.

ಹನ್ನೆರಡಕ್ಕೆ ಬರಬೇಕಿದ್ದ ಲಾರಿ, ಗಂಟೆ ಒಂದಾದರೂ ಬರಲಿಲ್ಲ. ಸಮಾನಾ ಊರಿನ ರಸ್ತೆಯಲ್ಲಿ ಚಕ್ರ ಪಂಕ್ಚರ್ ಆಗಿದೆಯಂತೆ. ತಗಡಿನ ಮಾಡಿನ ಕೆಳಗೆ ಇಪ್ಪತ್ತು ಜನ ಬೆವರು ಸುರಿಸುತ್ತ ಶುಂಠಿ ಕಷಾಯ ಕುಡಿಯುತ್ತಿದ್ದರು.

"ಬದುಕಿದ್ದಷ್ಟು ದಿನ ಇವಳು ಬತ್ತಿ ನೋಡ್ತಾ ಕೂತಿದ್ಲು," ಎಂದ ಸತ್ತವಳ ತಮ್ಮ ಎಲ್ಪಿದಿಯೊ. "ಈಗ ಬತ್ತಿ ಇವಳನ್ನ ನೋಡ್ತಾ ಕೂತಿದೆ."

ಕೆಲವರು ಮೂಗಿನಲ್ಲೇ ನಕ್ಕರು. ನೊಯೆಮಿಗೆ ನಗು ಬರಲಿಲ್ಲ. ದೀಪಗಳ ಕುಡಿ ಬೆಳಿಗ್ಗೆಗಿಂತ ಎರಡರಷ್ಟು ಎತ್ತರವಾಗಿತ್ತು. ಎಡಗಡೆಯ ಗಾಜಿನ ಬಾಯಿ ಕಪ್ಪಾಗುತ್ತಿತ್ತು.

*

ನೊಯೆಮಿಯ ಅತ್ತೆ ಕಸಿಲ್ದಾ ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡವಳು. ತೆಂಗಿನ ಮೇಣ ಕಾಸಿ, ದೀಪ ಮಾಡಿ, ಇಗರ್ಜಿಯ ಬಾಗಿಲಲ್ಲಿ ಮಾರಿ ಮಗನನ್ನು ಸಾಕಿದಳು. ಮಗ ಹೋದಮೇಲೆ ಸೊಸೆಯನ್ನೂ ಮೊಮ್ಮಗಳನ್ನೂ ಸಾಕಿದಳು. ಅವಳಿಗಿದ್ದ ಜಂಭ ಒಂದೇ: "ನನ್ನ ದೀಪದಿಂದ ಯಾರ ಮನೆಗೂ ಬೆಂಕಿ ಬಿದ್ದಿಲ್ಲ."

ಅದಕ್ಕಾಗಿ ಅವಳು ಪಟ್ಟ ಪಾಡು ನೋಡಿದರೆ ಊರೇ ನಗುತ್ತಿತ್ತು. ಲೋಟ ಬದಲಾದರೆ ಬತ್ತಿಯ ದಪ್ಪವನ್ನು ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಬೇಕು. ಗುರುತಿಗೆ ಲೋಟದ ಕೊರಳಲ್ಲಿ ಕೆಂಪು ದಾರ: ತೆಳು ಬತ್ತಿಗೆ ಒಂದು ಗಂಟು, ಅದಕ್ಕಿಂತ ದಪ್ಪಕ್ಕೆ ಎರಡು, ಇನ್ನೂ ದಪ್ಪಕ್ಕೆ ಮೂರು. ಹಚ್ಚಿಟ್ಟು ಎದುರಿಗೆ ಕೂತು ಜಪಮಾಲೆ ಎಣಿಸುವಳು. ಆರು ಮಾಲೆ ಮುಗಿಯುವಷ್ಟರಲ್ಲಿ ಕರಗಿದ ಮೇಣ ಗಾಜಿನ ಅಂಚು ಮುಟ್ಟಬೇಕು. ಮೊದಲೇ ಮುಟ್ಟಿದರೆ ಬತ್ತಿ ದಪ್ಪ, ಮುಟ್ಟದಿದ್ದರೆ ತೆಳು. ಆಮೇಲೆ ಆರಿಸಿ, ಮೇಣ ಹೆಪ್ಪುಗಟ್ಟುವಾಗ ಹೆಬ್ಬೆರಳು ಒತ್ತಿ ಮೆದುವೋ ಗಟ್ಟಿಯೋ ನೋಡುವಳು.

ಹೋದ ತಿಂಗಳು ಒಂದು ಮಧ್ಯಾಹ್ನ ಕಿಟಕಿಗಳನ್ನೆಲ್ಲ ಜಡಿದು, ನಾಲ್ಕು ದೀಪ ಒಟ್ಟಿಗೆ ಹಚ್ಚಿ, ಬೆವರಿನಲ್ಲಿ ತೊಯ್ದು ಕೂತಿದ್ದಳು.

"ಅತ್ತೆ, ಸೆಕೆಗೆ ಸಾಯ್ತೀರ," ಎಂದಿದ್ದಳು ನೊಯೆಮಿ. "ಒಂದು ಹಚ್ಚಿ ನೋಡಿದ್ರೆ ಸಾಲದಾ? ಮೇಣ ಸುಮ್ನೆ ದಂಡ."

"ಒಂಟಿ ದೀಪದ ಬುದ್ಧಿ ಬೇರೆ ಕಣೇ, ಗುಂಪಿನ ದೀಪದ ಬುದ್ಧಿ ಬೇರೆ. ಮನುಷ್ಯರ ಹಾಗೇ."

ಆ ನಾಲ್ಕನ್ನೂ ಆರಿಸಿ, ಡಬ್ಬಿಯಲ್ಲಿಟ್ಟು ಕಸಿಲ್ದಾ ಅಟ್ಟಕ್ಕೇರಿಸಿದಳು. ವಾರದಲ್ಲೇ ಲಕ್ವ ಹೊಡೆದು ಅವಳ ಮಾತು ನಿಂತಿತು. ಹನ್ನೆರಡು ದಿನ ಹಾಸಿಗೆ. ಆ ದಿನಗಳಲ್ಲೇ ನೊಯೆಮಿ, ತೀರಿಕೊಂಡರೆ ಬೇಕಾಗುತ್ತದೆಂದು, ಮೂರು ಗಂಟಿನ ದಪ್ಪ ಬತ್ತಿ ಹಾಕಿ ನಾಲ್ಕು ದೀಪ ಎರೆದಳು. ಅಂಥದೇ ಇನ್ನೊಂದನ್ನು ಗಾಳಿಯಾಡುವ ಅಡುಗೆಮನೆಯ ಕಿಟಕಿಯಲ್ಲಿ ಹಚ್ಚಿ ನೋಡಿದಳು, ಚೆನ್ನಾಗಿಯೇ ಉರಿಯಿತು. ಅದನ್ನು ಕಂಡು ಕಸಿಲ್ದಾ ತಲೆ ಅಲ್ಲಾಡಿಸಿದಳು. ಒಂದು ಬೆರಳೆತ್ತಿ ಮೇಲೆ ತೋರಿಸಿದಳು, ಮತ್ತೆ ಮತ್ತೆ. ದೇವರೊಬ್ಬನೇ ಗತಿ ಅನ್ನುತ್ತಿದ್ದಾಳೆಂದುಕೊಂಡು ನೊಯೆಮಿ ಅವಳ ಬೆರಳಿಗೆ ಮುತ್ತಿಟ್ಟು ಅತ್ತಿದ್ದಳು.

*

ಒಂದೂವರೆಯ ಹೊತ್ತಿಗೆ ನಾಲ್ಕು ಲೋಟಗಳಲ್ಲೂ ಮೇಣ ತಳದವರೆಗೆ ನೀರಾಗಿತ್ತು. ಒಂದರ ಕಾವು ಇನ್ನೊಂದಕ್ಕೆ ತಗಲಿ ನಾಲ್ಕೂ ಕುದಿಯುವ ಹಾಗೆ ಕಂಡವು. ಎಡಗಡೆಯ ಬತ್ತಿ ಬುಡ ಸಡಿಲಾಗಿ ಗಾಜಿಗೆ ಒರಗಿತು, ಉರಿ ಗಾಜನ್ನೇ ನೆಕ್ಕತೊಡಗಿತು. ಟಿಕ್ ಎಂದು ಸಣ್ಣ ಸದ್ದಾಯಿತು.

 ಗಾಜು ಒಡೆದರೆ ಉರಿಯುವ ಎಣ್ಣೆ ಕಸೂತಿ ಬಟ್ಟೆಗೆ, ಅಲ್ಲಿಂದ ಕಾಗದದ ಹೂವಿಗೆ, ಅಲ್ಲಿಂದ ಹಲಗೆಯ ಗೋಡೆಗೆ. ಆಚೆಗೆ ಮಗಳು. ಆರಿಸೋಣವೆಂದರೆ, ಅದಕ್ಕೂ ಬಲಿ ಮಗಳೇ. 

"ಅಮ್ಮಾ, ಹೊಗೆ ವಾಸನೆ," ಎಂದಳು ಒಳಗಿನಿಂದ ಯುದೆಲ್ಕಾ.

"ಏನಿಲ್ಲ ಮಗಳೇ. ಮಲಕ್ಕೋ."

ಪೆಟ್ಟಿಗೆಯಲ್ಲಿ ಅತ್ತೆಯ ಕೈಗಳನ್ನು ಜೋಡಿಸಿ ಕಟ್ಟಿದ್ದರು. ಆ ಒಂದು ಬೆರಳು ಕಣ್ಣಿಗೆ ಬಿತ್ತು. ದೇವರನ್ನಲ್ಲ, ಅಟ್ಟವನ್ನು ತೋರಿಸಿದ್ದು. ಒಂದು ಅಂದರೆ ಒಂದು ಗಂಟು.

ನೊಯೆಮಿ ಅಡುಗೆಮನೆಗೆ ಓಡಿ ಅಟ್ಟದ ಮೇಲಿನ ಡಬ್ಬಿ ಇಳಿಸಿದಳು. ಅರ್ಧ ಉರಿದ ನಾಲ್ಕು ಲೋಟ, ಪ್ರತಿಯೊಂದರ ಕೊರಳಿಗೂ ಒಂದೇ ಗಂಟಿನ ಕೆಂಪು ದಾರ. ಬೆಳ್ಳಗೆ ಹೆಪ್ಪುಗಟ್ಟಿದ ಮೇಣದ ಮೇಲೆ, ಬತ್ತಿಯಿಂದ ಅಂಚಿನವರೆಗೆ, ಒತ್ತಿದ ಹೆಬ್ಬೆರಳ ಗುರುತು.

"ಇದೇನೇ ಇದು," ಎಂದಳು ಪ್ರಿಮಿತಿವಾ. "ಎಂಜಲು ದೀಪ ಇಡ್ತೀಯಾ ಹೆಣದ ತಲೆಗೆ? ಹಚ್ಚಿದ್ದನ್ನ ಮುಟ್ಟಬಾರ್ದು. ಹೊಟ್ಟೇಲಿರೋ ಮಗೂನ ನೆನೆಸ್ಕೋ."

"ಅದನ್ನ ನೆನೆಸ್ಕೊಂಡೇ ಮುಟ್ತಿರೋದು ಪ್ರಿಮಿತಿವಮ್ಮ. ಆರಿಸ್ತಾ ಇಲ್ಲ. ಉರಿ ಅದೇ, ಮನೆ ಮಾತ್ರ ಬದಲಾಯಿಸ್ತೀನಿ."

ಒಂದೊಂದರ ಉರಿಯನ್ನೂ ತೆಂಗಿನ ಕಡ್ಡಿಯ ತುದಿಯಲ್ಲಿ ದಾಟಿಸಿದಳು, ಮೊದಲ ಮೂರು ಹೊತ್ತಿಕೊಂಡವು. ಎಡಗಡೆಯದರ ಸರದಿ ಬರುವಷ್ಟರಲ್ಲಿ ವಾಲಿದ ಬತ್ತಿ ಮೇಣದೊಳಕ್ಕೆ ಕುಸಿಯಿತು. ಉರಿ ಕುಗ್ಗಿ ಕುಗ್ಗಿ ನೀಲಿ ಮಣಿಯಷ್ಟಾಯಿತು.  ನೊಯೆಮಿ ಕಡ್ಡಿಯನ್ನು ಆ ಮಣಿಗೆ ಬಾಗಿಸಿ ಹಿಡಿದಳು. ತಾಗಲಿಲ್ಲ. ಮತ್ತೆ ಹಿಡಿದಳು. ನೀಲಿ ಮಣಿ ಕಾಣದಾಯಿತು. ಮರುಕ್ಷಣ ಕಡ್ಡಿ ಮಿನುಗಿತು, ಒಂದು ಗಂಟಿನ ಬತ್ತಿಯ ತುದಿಯಲ್ಲಿ ಹಳದಿ ಕುಡಿ ಎದ್ದಿತು.

ಎಲ್ಪಿದಿಯೊ ಹಳೆಯ ಲೋಟಗಳನ್ನು ತಗಡಿನ ತಟ್ಟೆಯಲ್ಲಿ ಉರಿಯುತ್ತಿದ್ದಂತೆಯೇ ಹಿತ್ತಲಿಗೆ ಒಯ್ದು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟ. ಅವನು ಕೈ ತೆಗೆದನೋ ಇಲ್ಲವೋ, ಒಂದು ಲೋಟ ಪಟ್ಟನೆ ಒಡೆಯಿತು. ಮೇಣ ಉರಿಯುತ್ತಲೇ ಕಲ್ಲಿನ ಉದ್ದಕ್ಕೂ ಹರಿಯಿತು. ಅವನು ಮರಳು ಸುರಿದು ಒಳಗೆ ಬಂದು ಕೂತ. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ನೊಯೆಮಿ ನೆಲದ ಮೇಲೆ ಕೂತು ಅತ್ತೆಯ ಜಪಮಾಲೆ ಹಿಡಿದಳು. ಭಯ ಇನ್ನೂ ಹೋಗಿರಲಿಲ್ಲ. ದೀಪದಿಂದ ಕಣ್ಣು ಕೀಳಲಿಲ್ಲ. ಕರಗಿದ ಮೇಣ ಬತ್ತಿಯ ಸುತ್ತ ಕಾಸಿನಗಲ ಆಯಿತು, ಆಮೇಲೆ ಹೆಬ್ಬೆರಳ ಗುರುತಿನ ತುದಿ ಮುಟ್ಟಿತು, ಒಂದೊಂದೇ ಗೆರೆ ನುಂಗುತ್ತ ಬಂತು. ಮೂರನೆಯ ಮಾಲೆ ಮುಗಿಯುವಾಗ ಲಾರಿಯ ಸದ್ದು ಕೇಳಿಸಿತು.

ಆರು ಜನ ಹೆಗಲು ಕೊಟ್ಟರು. ಪೆಟ್ಟಿಗೆ ಹೊಸಿಲು ದಾಟಿತು. ಒಳಕೋಣೆಯಲ್ಲಿ ಯುದೆಲ್ಕಾ ಗಟ್ಟಿಯಾಗಿ ಅಳುವುದು ಕೇಳಿಸಿತು.

"ಈಗ ಆರಿಸು ಮಗಳೇ," ಎಂದಳು ಪ್ರಿಮಿತಿವಾ ಮೆತ್ತಗೆ.

ನೊಯೆಮಿ ಒಂದೊಂದಾಗಿ ಊದಿದಳು. ಕೊನೆಯ ಲೋಟದ ಮುಂದೆ ಕಾಯುತ್ತ ಕೂತಳು. ಮೇಣ ಸುತ್ತಲಿಂದ ಮಂಜಾಗಿ, ಬೆಳ್ಳಗಾಗಿ, ಹೆಪ್ಪುಗಟ್ಟತೊಡಗಿತು. ಅಂಚಿನ ಬಳಿ ಅತ್ತೆಯ ಹೆಬ್ಬೆರಳ ಅರ್ಧ ಗುರುತು ಕರಗದೆ ಉಳಿದಿತ್ತು. ಅದರ ಪಕ್ಕದಲ್ಲಿ ತನ್ನ ಹೆಬ್ಬೆರಳು ಒತ್ತಿದಳು.