ಎರಡು ಸಲ ಕೇಳಿದ ಪ್ರಶ್ನೆ

ಐದು ವರ್ಷದ ಮಕ್ಕಳಿಗೆ ನಾವು ಎಣಿಸಿದ್ದಕ್ಕಿಂತ ಹೆಚ್ಚು ತಿಳಿದಿರುತ್ತದೆ ಎಂಬುದು ಮಾರ್ನಿಯ ವಾದ. ತನ್ನ ಪಿಎಚ್.ಡಿ. ಪ್ರಬಂಧಕ್ಕಾಗಿ ಎರಡು ವರ್ಷ ಅದರ ಮೇಲೆ ದುಡಿದಿದ್ದಳು. ಆದರೆ ಇಪ್ಪತ್ತಮೂರು ಮಕ್ಕಳಲ್ಲಿ ಹದಿನೆಂಟು ಮಂದಿ ಅದನ್ನು ಸುಳ್ಳು ಮಾಡಿದ್ದರು. ಇಪ್ಪತ್ತನಾಲ್ಕನೆಯವಳು ಓಪಲ್. ಅವಳ ಸರದಿ ಮುಗಿದ ಮೇಲೂ ಲೆಕ್ಕ ಹೀಗೇ ಇದ್ದರೆ ಮಾರ್ನಿ ಬೇರೆ ವಿಷಯ ಹುಡುಕಬೇಕೆಂದು ಪ್ರೊಫೆಸರ್ ಹೇಗನ್ ಹೇಳಿದ್ದರು.

ಹಿಮದ ಬೂಟುಗಳನ್ನು ಬಾಗಿಲಲ್ಲಿ ಕಳಚಿ ಓಪಲ್ ಕುರ್ಚಿ ಹತ್ತಿದಳು. ಒಂದೇ ಅಳತೆಯ ಎರಡು ಲೋಟಗಳಲ್ಲಿ, ಮಾರ್ನಿಯ ಸಹಾಯಕ್ಕಿದ್ದ ನಾನು ಸೇಬಿನ ರಸ ಸಮನಾಗಿ ಸುರಿದೆ. ಪ್ರೊಫೆಸರ್ ಪಕ್ಕದ ಕೋಣೆಯ ಗಾಜಿನ ಹಿಂದೆ ನಿಂತಿದ್ದರು.

ಮಾರ್ನಿ ಹಾಳೆಯಲ್ಲಿದ್ದಂತೆಯೇ ಕೇಳಿದಳು: "ಎರಡರಲ್ಲೂ ಒಂದೇ ಸಮ ಇದೆಯಾ, ಒಂದರಲ್ಲಿ ಜಾಸ್ತಿ ಇದೆಯಾ?"

"ಒಂದೇ ಸಮ."

ಒಂದು ಲೋಟದ ರಸವನ್ನು ಅವಳೆದುರೇ ಉದ್ದನೆಯ, ಕಿರಿದಾದ ಲೋಟಕ್ಕೆ ಬಗ್ಗಿಸಿದೆ. ಮಾರ್ನಿ ಅದೇ ಮಾತನ್ನು, ಅಕ್ಷರ ಬದಲಿಸದೆ, ಮತ್ತೆ ಕೇಳಿದಳು. ಅದು ನಮ್ಮ ಪ್ರಯೋಗಾಲಯದ ಕಟ್ಟುನಿಟ್ಟು.

ಓಪಲ್ ಮಾರ್ನಿಯ ಮುಖವನ್ನೇ ನೋಡಿದಳು. "ಉದ್ದದ್ರಲ್ಲಿ ಜಾಸ್ತಿ."

ಆ ಹದಿನೆಂಟು ಮಕ್ಕಳ ಉತ್ತರವೂ ಇದೇ ಆಗಿತ್ತು. ಮಾರ್ನಿ ಪೆನ್ನು ಕೆಳಗಿಟ್ಟಳು. "ಆಯ್ತು ಪುಟ್ಟಿ, ಕುಡಿ. ನಿಂಗೆ ಯಾವುದು ಬೇಕು?"

"ಯಾವುದಾದ್ರೂ ಕೊಡು. ಎರಡೂ ಅಷ್ಟೇ ಅಲ್ವಾ."

"ಈಗ ತಾನೇ ಉದ್ದದ್ರಲ್ಲಿ ಜಾಸ್ತಿ ಅಂದ್ಯಲ್ಲ?"

"ನೀನು ಮತ್ತೆ ಕೇಳಿದೆ. ಉತ್ತರ ತಪ್ಪಾದ್ರೇನೇ ನಮ್ಮ ಮಿಸ್ ಮತ್ತೆ ಕೇಳೋದು. ಅದಕ್ಕೇ ಬದಲಾಯಿಸ್ದೆ." ಒಂದು ಲೋಟ ಎತ್ತಿಕೊಂಡು, "ನಿಂಗೆ ಬೇಜಾರಾಗ್ಬಾರ್ದು ಅಂತ," ಎಂದಳು.

ನಾನು ಕೈಯಲ್ಲಿದ್ದ ಜಗ್ ಕೆಳಗಿಡುವುದನ್ನೂ ಮರೆತೆ. ಇಪ್ಪತ್ತಮೂರು ಮಕ್ಕಳಿಗೂ ನಾವು ಎರಡೆರಡು ಸಲ ಕೇಳಿದ್ದೆವು.

ಪ್ರೊಫೆಸರ್ ಒಳಗೆ ಬಂದರು. "ಮಗು ಮುದ್ದಾಗಿ ಮಾತಾಡ್ತಾಳೆ, ಒಪ್ಪಿದೆ. ಆದ್ರೆ ಒಂದು ಮಗು ಹೇಳಿದ್ದು ಪುರಾವೆ ಆಗಲ್ಲ ಮಾರ್ನಿ. ನಿಜವಾಗ್ಲೂ ಗೊತ್ತಿದ್ರೆ ಇನ್ನೊಂದು ಸಲ ಕೇಳಿದ ಮಾತ್ರಕ್ಕೆ ಯಾರು ಉತ್ತರ ಬದಲಾಯಿಸ್ತಾರೆ?"

ಮಾರ್ನಿ ಅವರ ಕಡೆ ತಿರುಗಿದಳು. ಆಮೇಲೆ ಮಕ್ಕಳನ್ನು ಕೇಳುವ ಅದೇ ಸಮದನಿಯಲ್ಲಿ, "ಇವತ್ತು ಯಾವ ವಾರ, ಪ್ರೊಫೆಸರ್?" ಎಂದಳು.

"ಗುರುವಾರ."

"ಇವತ್ತು ಯಾವ ವಾರ, ಪ್ರೊಫೆಸರ್?"

ಪ್ರೊಫೆಸರ್ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ಆಮೇಲೆ ನನ್ನನ್ನು ನೋಡಿದರು. "ಯಾಕೆ, ಶುಕ್ರವಾರನಾ?"

ಅಂದು ಗುರುವಾರವೇ. ಮೊದಲು ನಕ್ಕವಳು ಓಪಲ್, ಮೂಗಿಗೆ ರಸ ಹತ್ತುವಷ್ಟು. ಪ್ರೊಫೆಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ ಆ ಪುಟ್ಟ ಕುರ್ಚಿಯಲ್ಲೇ ಕುಳಿತು ನಕ್ಕರು. ಮೂವತ್ತು ವರ್ಷಗಳಿಂದ ಅವರು ಇದೇ ಪ್ರಶ್ನೆಯನ್ನು ಎರಡೆರಡು ಸಲ ಕೇಳುತ್ತಾ ಬಂದವರು.

"ಇನ್ನೂ ನಲವತ್ತೆಂಟು ಮಕ್ಕಳು ಬೇಕು," ಎಂದರು ಕೊನೆಗೆ. "ಅರ್ಧ ಮಕ್ಕಳಿಗೆ ಎರಡು ಸಲ ಕೇಳು. ಉಳಿದ ಅರ್ಧಕ್ಕೆ ರಸ ಬಗ್ಗಿಸಿದ ಮೇಲೆ ಒಂದೇ ಸಲ. ಆಮೇಲೆ ನೋಡೋಣ ಯಾರಿಗೆ ಏನು ಗೊತ್ತು ಅಂತ. ಪ್ರಬಂಧದ ವಿಷಯ ಬದಲಾಯಿಸೋದು ಬೇಡ."

ಮಾರ್ನಿ ಆಗಲೇ ಫೋನಿನ ಮುಂದೆ ಕುಳಿತು ತಾಯಂದಿರ ಪಟ್ಟಿಯ ಮೊದಲ ಹೆಸರಿಗೆ ಕರೆ ಮಾಡುತ್ತಿದ್ದಳು.