ನಲವತ್ತು ಕೊಳವೆಯ ಗಾರೆ ಜೇನು

ಮುಂಬೈ ಮಲಾಡಿನ ಪೂವಪ್ಪನ ಜೇನುಗಳು ದಿನಾ ಬೆಳಿಗ್ಗೆ ಎಂಟು ಹನ್ನೆರಡರ ಲೋಕಲ್ ರೈಲು ಹಿಡಿದು, ಕಿಟಕಿ ಪಕ್ಕದ ಸೀಟಿನಲ್ಲೇ ಕೂತು ವಿಲೆ ಪಾರ್ಲೆಗೆ ಹೋಗಿ, ಅಲ್ಲಿನ ದಾಸವಾಳದ ಪರಾಗ ಹೊತ್ತು ಊಟದ ಹೊತ್ತಿಗೆ ಮನೆ ಸೇರುತ್ತಿದ್ದವು. ಮೂವತ್ತು ವರ್ಷ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ದ ಪೂವಪ್ಪನೇ ಹೇಳಿದ ಮೇಲೆ ಅದು ಸುಳ್ಳಾಗಲು ಸಾಧ್ಯವೇ?

ಇವು ಗುಂಪಾಗಿ ಹುಟ್ಟು ಕಟ್ಟುವ ಜಾತಿಯವಲ್ಲ, ಒಂದೊಂದೂ ಒಂಟಿ. ಬಿದಿರಿನ ಕೊಳವೆಯೊಳಗೆ ಮೊಟ್ಟೆಯಿಟ್ಟು, ಗಾರೆ ಕೆಲಸದವರಂತೆ ಅದರ ಬಾಯಿಗೆ ಕೆಸರು ಮೆತ್ತಿ ಮುಚ್ಚಿಬಿಡುತ್ತವೆ. ಅದಕ್ಕೇ ಪೂವಪ್ಪ ಅವನ್ನು ಗಾರೆ ಜೇನು ಎನ್ನುತ್ತಿದ್ದ. ನೆಲಮಹಡಿಯ ಮನೆಯ ಹಿಂದೆ ಚಾಪೆಯಗಲದ ತೋಟ, ಅವನ ಬಾಯಲ್ಲಿ ಎರಡೆಕರೆ. ಅಲ್ಲಿ ಅಲಸಂಡೆ ಬಳ್ಳಿಯ ಪಕ್ಕ ನಲವತ್ತು ಕೊಳವೆಗಳ ಕಟ್ಟೊಂದನ್ನು ತೂಗುಹಾಕಿದ್ದ.

ಆ ಜಾಗದ ಮೇಲೆ ಹೌಸಿಂಗ್ ಸೊಸೈಟಿಯ ಕಣ್ಣು ಬಿತ್ತು. ಸ್ಕೂಟರ್ ನಿಲ್ಲಿಸಲು ಬೇಕಂತೆ. ಸೆಕ್ರೆಟರಿ ಖಂಡಪ್ಪ ಮಾತ್ರ ಒಂದು ದಾರಿ ಉಳಿಸಿದರು: ಭಾನುವಾರ ಕಮಿಟಿ ಬಂದು ನೋಡುತ್ತದೆ, ಒಂದೇ ಒಂದು ಜೇನಿನ ಗೂಡಿದ್ದರೂ ತೋಟ ಉಳಿಯುತ್ತದೆ.

ಒಂದೇ? ಪೂವಪ್ಪನ ಮರ್ಯಾದೆಗೆ ಪೆಟ್ಟು ಬಿತ್ತು. ನಲವತ್ತೂ ಭರ್ತಿ, ಇನ್ನೂ ಇನ್ನೂರು ವೇಟಿಂಗ್ ಲಿಸ್ಟಿನಲ್ಲಿವೆ ಎಂದುಬಿಟ್ಟ. ಹೆಂಡತಿ ಶೀಲಾವತಿ ಒಳಗಿನಿಂದಲೇ ಕೆಮ್ಮಿದಳು.

ಭಾನುವಾರ ಕಮಿಟಿ ಬಂತು. ಪೂವಪ್ಪ ಗತ್ತಿನಿಂದ ಕಟ್ಟಿನ ಮೇಲಿನ ಗೋಣಿ ಸರಿಸಿದ. ಕೊಳವೆಗಳ ಬಾಯಿಂದ ಕಂದು ಗುಳ್ಳೆಗಳು ಉಬ್ಬುಬ್ಬಿ ಹೊರಬರುತ್ತಿದ್ದವು. ಒಂದು ಪುಸ್ಸೆಂದು ಒಡೆದು ಖಂಡಪ್ಪನವರ ಕನ್ನಡಕದ ಮೇಲೆ ಕೂತಿತು. ಅವರು ಬೆರಳಲ್ಲಿ ಒರೆಸಿ ಮೂಸಿ ನೋಡಿದರು.

“ಏನ್ರಿ ಪೂವಪ್ಪ, ನಿಮ್ಮ ಜೇನು ಉದ್ದಿನಬ್ಯಾಳಿ ರುಬ್ಬತಾವೇನ್ರಿ?”

ಕಮಿಟಿ ಬಿದ್ದು ಬಿದ್ದು ನಕ್ಕಿತು. ಶೀಲಾವತಿ ಬಾಗಿಲು ಹಿಡಿದು ನಿಂತಳು. “ನಿನ್ನೆ ಹಿಟ್ಟು ಚೆಲ್ಲಿದ್ದು ಬೆಕ್ಕು ಅಂದ್ರಲ್ಲ, ಈ ಬೆಕ್ಕಾ?”

ನಕ್ಕು ಮುಗಿದ ಮೇಲೆ ಖಂಡಪ್ಪ ನಾಳೆಯೇ ಬಳ್ಳಿ ಕೀಳಿಸುವ ಮಾತೆತ್ತಿದರು. ಪೂವಪ್ಪನ ಮೀಸೆ ಇಳಿಯಿತು. ಮೇಲಿನ ಸಾಲಿನ ಒಂದು ಕೊಳವೆಯ ಮೇಲೆ ಬೆರಳಿಟ್ಟ. ಅದೊಂದು ಮಾತ್ರ ಉಬ್ಬದೆ, ಒಣಗಿ ಗಟ್ಟಿಯಾಗಿತ್ತು.

“ಇದೊಂದು ನಿಜ ಮಾರಾಯ್ರೆ. ಉಳಿದ ಮೂವತ್ತೊಂಬತ್ತು ನಾನೇ ಮೆತ್ತಿದ್ದು. ಬರೀ ಮಣ್ಣು ನಿಲ್ಲಲಿಲ್ಲ, ಸ್ವಲ್ಪ ದೋಸೆ ಹಿಟ್ಟು ಸೇರಿಸಿದೆ.”

ಖಂಡಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿದರು, ಹಿಟ್ಟಿನ ವಾಸನೆಯಿರಲಿಲ್ಲ. ಒಂದು ಸಾಕು ಎಂದು ಮೊದಲೇ ಹೇಳಿರಲಿಲ್ಲವೇ ಎಂದು ಗದರಿ, ತೋಟ ಉಳಿಯಿತೆಂದು ಸಾರಿದರು. ಹೊರಡುವಾಗ ತಿರುಗಿ ನಿಂತರು.

“ಮತ್ತ ಆ ಲೋಕಲ್ಲು?”

ಪೂವಪ್ಪ ತಲೆ ಕೆರೆದುಕೊಂಡ. “ಅಲಸಂಡೆ ಹೂವನ್ನು ಬಿಟ್ಟು ಆ ಜೇನು ಗೇಟಿನಾಚೆ ಹೋದದ್ದು ನಾನು ನೋಡಿಲ್ಲ.”